ಓಷ್‌ಕಾಷ್: ಮನೆಯಲ್ಲಿ ಕಟ್ಟಿದ ವಿಮಾನಗಳ ಜಾತ್ರೆ

ಅಮೆರಿಕದ ವಿಸ್ಕಾನ್ಸಿನ್ ಸಂಸ್ಥಾನದಲ್ಲಿ ವಿನ್ನೆಬಾಗೊ ಎಂಬ ವಿಶಾಲವಾದ ಸರೋವರವುಂಟು. ಅದರ ಪಶ್ಚಿಮ ದಡದ ಓಷ್‌ಕಾಷ್ ಸದ್ದುಗದ್ದಲವಿಲ್ಲದ ಸಾಧಾರಣ ಪಟ್ಟಣ. ಆದರೆ ಜುಲೈ ತಿಂಗಳು ಮುಗಿಯುತ್ತ ಬಂದಾಗ, ಒಂದು ವಾರದ ಮಟ್ಟಿಗೆ, ಅಲ್ಲಿನ ವಿಮಾನ ನಿಲ್ದಾಣದ ನಿಯಂತ್ರಣ ಗೋಪುರಕ್ಕೆ ಮಹಾನಗರಗಳ ಗೋಪುರಗಳಿಗೂ ಇಲ್ಲದಷ್ಟು ಕೆಲಸ. ಸುಮಾರು ಹತ್ತು ಸಾವಿರ ವಿಮಾನಗಳು ಆ ಸೀಮೆಗೆ ಬಂದಿಳಿಯುತ್ತವೆ.

ಅವು ಬರುವ ಬಗೆಯೇ ಒಂದು ನೋಟ. ರಿಪನ್ ಪಟ್ಟಣದಿಂದ ಫಿಸ್ಕ್ ಎಂಬ ಹಳ್ಳಿಯತ್ತ ಸಾಗುವ ರೈಲುಹಳಿಯೇ ದಾರಿತೋರುಕ. ಹಳಿಯ ನೇರಕ್ಕೆ, ಅರ್ಧ ಮೈಲಿಗೊಂದರಂತೆ, 90 ನಾಟ್ ವೇಗದಲ್ಲಿ ವಿಮಾನಗಳ ಸಾಲು ಹಾರಿಬರುತ್ತದೆ. ಫಿಸ್ಕ್‌ನಲ್ಲಿ ನಿಯಂತ್ರಕರು ದುರ್ಬೀನು ಹಿಡಿದು ನೆಲದ ಮೇಲೆಯೇ ಕುಳಿತಿರುತ್ತಾರೆ. ಬಣ್ಣವನ್ನೂ ರೆಕ್ಕೆಯ ರೀತಿಯನ್ನೂ ಗುರುತಿಸಿ ರೇಡಿಯೊದಲ್ಲಿ ಅಪ್ಪಣೆ ಕೊಡುತ್ತಾರೆ. ವೈಮಾನಿಕನು ಉತ್ತರಿಸುವಂತಿಲ್ಲ, ರೆಕ್ಕೆಗಳನ್ನು ಅತ್ತಿತ್ತ ಅಲ್ಲಾಡಿಸಿದರೆ ಸಾಕು. ಮದುವೆಮನೆಯ ನೂಕುನುಗ್ಗಲಿನಲ್ಲಿ ಅತಿಥಿ ತಲೆಯಾಡಿಸಿ ಒಳಹೊಕ್ಕಂತೆ! ರನ್‌ವೇಯ ಮೇಲೆ ದೊಡ್ಡ ದೊಡ್ಡ ಬಣ್ಣದ ಬೊಟ್ಟುಗಳಿವೆ. ಒಬ್ಬನಿಗೆ ಹಸಿರು ಬೊಟ್ಟು, ಹಿಂದಿನವನಿಗೆ ಕಿತ್ತಳೆ ಬಣ್ಣದ್ದು; ಒಂದೇ ರನ್‌ವೇಯಲ್ಲಿ ಒಬ್ಬರ ಹಿಂದೊಬ್ಬರು ಇಳಿಯುತ್ತಾರೆ.

ಯುದ್ಧವಿಮಾನಗಳನ್ನೂ ಹಳೆಯ ಕಾಲದ ವಿಮಾನಗಳನ್ನೂ ನೋಡಲು ಲಕ್ಷಾಂತರ ಜನ ಸೇರುವರು, ನಿಜ. ಆದರೆ ಈ ಜಾತ್ರೆಯ ಮೂಲದೇವರು ಬೇರೆ. ಅದು ಕಾರಿನ ಷೆಡ್ಡಿನಲ್ಲಿ ಹುಟ್ಟಿದ ಪುಟ್ಟ ವಿಮಾನ. 1953ರಲ್ಲಿ ಪಾಲ್ ಪೊಬರೆಜ್ನಿ ಎಂಬ ವೈಮಾನಿಕರು ಮಿಲ್ವಾಕಿಯಲ್ಲಿ ತಮ್ಮಂತಹ ಹವ್ಯಾಸಿಗಳನ್ನು ಕೂಡಿಸಿ ಒಂದು ಸಂಘ ಕಟ್ಟಿದರು. ವರ್ಷಕ್ಕೊಮ್ಮೆ ನಡೆಯುವ ಅದರ ಮೇಳ 1970ರಿಂದ ಓಷ್‌ಕಾಷ್‌ನಲ್ಲಿ ನೆಲೆನಿಂತಿದೆ.

ವಿಮಾನವನ್ನು ಮನೆಯಲ್ಲಿ ಕಟ್ಟಲು ಸರಕಾರ ಹೇಗೆ ಒಪ್ಪಿತು? ವಾಚಕರಿಗೆ ಸಂದೇಹ ಬಂದರೆ ಆಶ್ಚರ್ಯವಿಲ್ಲ. ಅಮೆರಿಕದ ಕಾನೂನು ವಿಚಿತ್ರವಾದರೂ ಉದಾರವಾದುದು. ಕೆಲಸದ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಹವ್ಯಾಸಿಗಳೇ, ಕಲಿಕೆಗಾಗಿಯೋ ವಿನೋದಕ್ಕಾಗಿಯೋ ಮಾಡಿರಬೇಕು. ಬಾಡಿಗೆಗೆ ಪ್ರಯಾಣಿಕರನ್ನು ಒಯ್ಯುವಂತಿಲ್ಲ. ‘ಪ್ರಾಯೋಗಿಕ’ ಎಂಬ ಅರ್ಥದ ಇಂಗ್ಲಿಷ್ ಪದವನ್ನು ಬಾಗಿಲ ಬಳಿ ಎದ್ದು ಕಾಣುವಂತೆ ಬರೆದಿರಬೇಕು. ಒಳಗೆ ಕೂರುವವರ ಕಣ್ಣಿಗೆ ಬೀಳುವಂತೆ, ಇದು ಹವ್ಯಾಸಿಯು ಕಟ್ಟಿದ ವಿಮಾನವೆಂಬ ಎಚ್ಚರಿಕೆಯ ಫಲಕವೂ ಇರಬೇಕು. ಮೊದಲ 25 ಅಥವಾ 40 ಗಂಟೆಗಳ ಪರೀಕ್ಷಾ ಹಾರಾಟದಲ್ಲಿ ಸಾಮಾನ್ಯವಾಗಿ ಪ್ರಯಾಣಿಕರಿಗೆ ಪ್ರವೇಶವಿಲ್ಲ. ವರ್ಷಗಟ್ಟಲೆ ರಿವೆಟ್ಟಿನ ಇನ್ನೊಂದು ತುದಿಯನ್ನು ಒತ್ತಿಹಿಡಿದು ನೆರವಾದ ಹೆಂಡತಿಯೂ ಆ ದಿನ ಬೇಲಿಯಾಚೆ ನಿಂತೇ ನೋಡಬೇಕು.

ವರ್ಷಗಟ್ಟಲೆ ಎಂಬುದು ಅತಿಶಯೋಕ್ತಿಯಲ್ಲ. ರಿಚರ್ಡ್ ವಾನ್‌ಗ್ರುನ್ಸ್‌ವೆನ್ ಎಂಬ ಎಂಜಿನಿಯರರು ರೂಪಿಸಿದ ಅಲ್ಯುಮಿನಿಯಂ ವಿಮಾನಗಳ ಬಿಡಿಭಾಗಗಳು ಪೆಟ್ಟಿಗೆಗಳಲ್ಲಿ ಮನೆಗೇ ಬರುತ್ತವೆ. ಆದರೂ ತೂತು ಕೊರೆದು, ಅಂಚು ಉಜ್ಜಿ, ಸಾವಿರಗಟ್ಟಲೆ ರಿವೆಟ್ಟು ಹೊಡೆಯುವಷ್ಟರಲ್ಲಿ ಸಂಜೆಗಳೂ ಭಾನುವಾರಗಳೂ ಕಳೆದುಹೋಗುತ್ತವೆ. ಹೀಗಿದ್ದೂ ಅವರ ಮಾದರಿಯ ಹತ್ತು ಸಾವಿರಕ್ಕೂ ಹೆಚ್ಚು ವಿಮಾನಗಳು ಆಕಾಶ ಕಂಡಿವೆ. ಬರ್ಟ್ ರುಟಾನ್ ಅವರ ಹಾದಿ ಬೇರೆ. ಹಗುರವಾದ ಫೋಮಿನ ದಿಮ್ಮಿಯನ್ನು ಕಾದ ತಂತಿಯಿಂದ ಕೊಯ್ದು, ಗಾಜಿನ ನಾರಿನ ಬಟ್ಟೆ ಹೊದಿಸಿ, ರಾಳ ಬಳಿದರೆ ರೆಕ್ಕೆ ಸಿದ್ಧ! ಸಣ್ಣ ರೆಕ್ಕೆ ಮುಂದೆ, ಪ್ರೊಪೆಲರ್ ಹಿಂದೆ. ಹಿಂದುಮುಂದಾಗಿ ಹಾರುವ ಹಕ್ಕಿಯಂತೆ ಅದರ ರೂಪ. ರುಟಾನರ ‘ಲಾಂಗ್ ಈಜಿ’ ಮಾದರಿಯನ್ನು ಆಧರಿಸಿ ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯವೂ ಒಂದು ಸಂಶೋಧನಾ ವಿಮಾನವನ್ನು ಕಟ್ಟಿ 1987ರಲ್ಲಿ ಹಾರಿಸಿತು. ಅದೇ ಪ್ರಯೋಗಾಲಯದ ‘ಹಂಸ’ 1993ರಲ್ಲಿ ಮೇಲೇರಿತು.

ಓಷ್‌ಕಾಷ್ ನಿಲ್ದಾಣಕ್ಕೆ ಸ್ಟೀವ್ ವಿಟ್‌ಮನ್ ಅವರ ಹೆಸರಿದೆ. 1931ರಿಂದ 1969ರವರೆಗೆ ಅದರ ವ್ಯವಸ್ಥಾಪಕರಾಗಿದ್ದವರು ಅವರೇ. ಪಂದ್ಯದ ವಿಮಾನಗಳನ್ನು ಕಟ್ಟಿ ಹಾರಿಸಿದವರು. ನೆಲಕ್ಕೆ ತಗಲಿದಾಗ ಬಾಗಿ ಪೆಟ್ಟು ತಾಳಿಕೊಳ್ಳುವ ಉಕ್ಕಿನ ಪಟ್ಟಿಯ ಚಕ್ರದ ಕಾಲು ಅವರ ಕಲ್ಪನೆ. ಸೆಸ್ನಾ ಕಂಪನಿ ಅದನ್ನು ತನ್ನ ವಿಮಾನಗಳಿಗೆ ಅಳವಡಿಸಿಕೊಂಡಿತು. ಮನೆಯಲ್ಲಿ ವಿಮಾನ ಕಟ್ಟುವವರ ಪಾಲಿಗೆ ಅವರು ಗುರುಸಮಾನರು.

1995ರ ಏಪ್ರಿಲ್‌ನಲ್ಲಿ, ತೊಂಬತ್ತೊಂದರ ವಯಸ್ಸಿನಲ್ಲಿ, ವಿಟ್‌ಮನ್ನರು ತಾವೇ ಕಟ್ಟಿದ ವಿಮಾನದಲ್ಲಿ ಪತ್ನಿಯೊಡನೆ ಫ್ಲಾರಿಡದಿಂದ ಓಷ್‌ಕಾಷ್‌ಗೆ ಹೊರಟರು. ಅಲಬಾಮದ ಆಕಾಶದಲ್ಲಿ ವಿಮಾನ ಒಡೆದು ಚೂರಾಯಿತು. ಇಬ್ಬರೂ ಉಳಿಯಲಿಲ್ಲ. ರೆಕ್ಕೆಗೆ ಹೊದಿಸಿದ ಬಟ್ಟೆ ಸರಿಯಾಗಿ ಅಂಟಿರಲಿಲ್ಲ; ಅದು ಬಿಟ್ಟುಕೊಂಡಿದ್ದರಿಂದ ರೆಕ್ಕೆ ಪಟಪಟನೆ ನಡುಗಿ ಮುರಿಯಿತೆಂದು ತನಿಖೆಯಲ್ಲಿ ತಿಳಿದುಬಂದಿತು. ಎಪ್ಪತ್ತು ವರ್ಷಗಳ ಅನುಭವವುಳ್ಳ ಕೈಯಿಂದಲೂ ಅಂಟು ಹಚ್ಚುವುದರಲ್ಲಿ ತಪ್ಪು ನಡೆಯಿತು!

ಆದರೂ ಮೇಳ ನಿಂತಿಲ್ಲ. ಸಂಜೆಯಾಗುತ್ತಲೇ ಹುಲ್ಲುಗಾವಲಿನಲ್ಲಿ ರೆಕ್ಕೆಗಳ ನೆರಳಿಗೆ ಡೇರೆಗಳು ಏಳುತ್ತವೆ. ಮಕ್ಕಳು ಚಕ್ರಗಳ ನಡುವೆ ಆಡುತ್ತಾರೆ. ತಂದೆಯಾದವನು ಅಪರಿಚಿತನೊಬ್ಬನಿಗೆ ತನ್ನ ಎಂಜಿನ್ನಿನ ಮುಚ್ಚಳ ತೆರೆದು ತೋರಿಸುತ್ತ ಊಟವನ್ನೇ ಮರೆತಿರುತ್ತಾನೆ. ಹೊರಡುವ ದಿನ ಬೆಳಗ್ಗೆ ಡೇರೆ ಮಡಿಸಿ, ಸಾಮಾನು ಕಟ್ಟಿ, ಹೆಂಡತಿಮಕ್ಕಳು ಕಾಯುತ್ತಿರುವಾಗ ಅವನು ವಿಮಾನವನ್ನು ಒಂದು ಸುತ್ತು ಬರುತ್ತಾನೆ. ಒಂದೊಂದು ತಿರುಪನ್ನೂ ನೋಡುತ್ತಾನೆ. ಕೊನೆಗೆ ಮಂಜಿನಿಂದ ಒದ್ದೆಯಾದ ರೆಕ್ಕೆಯ ಹಿಂದಂಚಿನ ಉದ್ದಕ್ಕೂ ಬೆರಳಾಡಿಸುತ್ತ, ಮೆಲ್ಲಗೆ, ತುದಿಯವರೆಗೆ ನಡೆಯುತ್ತಾನೆ.