ಬೀಗದಣ್ಣನ 12 ಫೋಟೋ

ಹೋದ ಸೆಮಿಸ್ಟರ್‌ನಲ್ಲಿ ಆಫೀಸಿನಿಂದ ನಮ್ಮ ಫೋಟೋಗ್ರಫಿ ಕ್ಲಬ್ಬಿಗೆ ಒಂದು ಕೆಲಸ ಬಂತು. ಅಟೆಂಡರ್ ಅಣ್ಣ ರಿಟೈರ್ ಆಗ್ತಿದ್ದಾರೆ, ಸನ್ಮಾನದ ದಿನ ಕೊಡೋಕೆ ಅವರ 12 ಫೋಟೋ ಸೇರಿಸಿ ಒಂದು ಆಲ್ಬಮ್ ಮಾಡಿ ಅಂತ. ಒಂದು ವಾರ ಟೈಮ್. "ನನ್ ಹೆಸರೆಲ್ಲ ಹಾಕ್ಬೇಡ್ರಪ್ಪ" ಅಂತ ಅವರೇ ಹೇಳಿರೋದರಿಂದ ಇಲ್ಲಿ ಅವರನ್ನು ಬೀಗದಣ್ಣ ಅಂತಲೇ ಕರೀತೀವಿ. ಆಡಿಟೋರಿಯಂ, ಸೆಮಿನಾರ್ ಹಾಲ್, ನಮ್ಮ ಕ್ಲಬ್ ರೂಮ್, ಎಲ್ಲದರ ಬೀಗದ ಕೈಯೂ ಅವರ ಗೊಂಚಲಲ್ಲೇ. ರಾಜ್ಯೋತ್ಸವದ ಹಿಂದಿನ ರಾತ್ರಿ ನಾವು ಬ್ಯಾನರ್ ಕಟ್ಟಿ ಮುಗಿಸೋವರೆಗೂ ಮೆಟ್ಟಿಲ ಮೇಲೆ ಕೂತು ಕಾಯ್ತಿದ್ದವರು ಅವರು.

ಸುಲಭದ ಕೆಲಸ ಅಂದುಕೊಂಡ್ವಿ. ನಾಲ್ಕು ವರ್ಷದ ಪ್ರತಿಯೊಂದು ಕಾರ್ಯಕ್ರಮದ ಫೋಟೋನೂ ಕ್ಲಬ್ಬಿನ ಹಾರ್ಡ್ ಡಿಸ್ಕ್‌ನಲ್ಲಿ ಇತ್ತು. ಲ್ಯಾಪ್‌ಟಾಪಿಗೆ ಚುಚ್ಚಿದ್ವಿ. ಟಕ್ ಟಕ್ ಅಂತ ಸದ್ದು ಬಂತು, ಅಷ್ಟೇ. ಬೇರೆ ಲ್ಯಾಪ್‌ಟಾಪ್, ಬೇರೆ ಕೇಬಲ್, ಏನು ಮಾಡಿದರೂ ಅದೇ ಟಕ್ ಟಕ್. ಡೇಟಾ ರಿಕವರಿ ಅಂಗಡಿಯವರು ಹೇಳಿದ ಮೊತ್ತ ನಮ್ಮ ಕ್ಲಬ್ಬಿನ ಎರಡು ವರ್ಷದ ದುಡ್ಡಿಗಿಂತ ಜಾಸ್ತಿ, ಅದರ ಮೇಲೆ "ಗ್ಯಾರಂಟಿ ಇಲ್ಲ" ಅನ್ನೋ ಮಾತು ಬೇರೆ.

ಇನ್ನೊಂದು ಕಾಪಿ ಎಲ್ಲಿ ಅಂತ ನೀವು ಕೇಳಬಹುದು. ಇರಲಿಲ್ಲ. ಕಾಪಿ ಮಾಡೋ ಜವಾಬ್ದಾರಿ ಎಲ್ಲರದ್ದು ಅಂತ ಮೊದಲ ಮೀಟಿಂಗಿನಲ್ಲಿ ಬರೆದುಕೊಂಡಿದ್ವಿ. ಎಲ್ಲರದ್ದು ಅಂದ್ರೆ ಯಾರದ್ದೂ ಅಲ್ಲ ಅಂತ ಅವತ್ತು ಗೊತ್ತಾಯ್ತು. ಕ್ಯಾಮೆರಾ ಹಿಡಿದು ಸ್ಟೇಜ್ ಮುಂದೆ ಓಡಾಡೋಕೆ 20 ಜನ ರೆಡಿ. ಮುಗಿದ ಮೇಲೆ ಫೋಲ್ಡರ್ ಮಾಡಿ, ಹೆಸರು ಹಾಕಿ, ಕಾಪಿ ಇಡೋಕೆ ನಾಳೆ ಯಾರಾದ್ರೂ ಬರ್ತಾರೆ ಅಂತ ಬಿಟ್ಟಿದ್ವಿ.

ನಾವು ನಾಲ್ವರು ಇರೋದು ಹೊಸಹಳ್ಳಿಯಲ್ಲಿ, ಮೆಟ್ರೋ ಸ್ಟೇಷನ್‌ಗೆ ಹತ್ತಿರದ ಒಂದು ಬಾಡಿಗೆ ರೂಮಿನಲ್ಲಿ. ಆ ರಾತ್ರಿ ಯಾರಿಗೂ ನಿದ್ದೆ ಬರಲಿಲ್ಲ. ನಮಗಿಂತ ಹಿಂದಿನವರು ಇದನ್ನೆಲ್ಲ ಹೇಗೆ ಕಾಪಾಡ್ತಿದ್ರು ಅನ್ನೋ ಮಾತು ಬಂತು. ಬೆಂಗಳೂರಿಗೆ ಈ ವಿಷಯದಲ್ಲಿ ಸಣ್ಣ ಇತಿಹಾಸ ಏನಿಲ್ಲ. ದೇಶದ ಹವ್ಯಾಸಿ ಕ್ಲಬ್ಬುಗಳನ್ನೆಲ್ಲ ಸೇರಿಸಿ 1953ರಲ್ಲಿ ಫೆಡರೇಷನ್ ಆಫ್ ಇಂಡಿಯನ್ ಫೋಟೋಗ್ರಫಿ ಕಟ್ಟಿದವರಲ್ಲಿ ಮುಖ್ಯರಾದ ಡಾ. ಜಿ. ಥಾಮಸ್ ಬೆಂಗಳೂರಿನವರು. ಯೂತ್ ಫೋಟೋಗ್ರಫಿಕ್ ಸೊಸೈಟಿ ಶುರುವಾಗಿದ್ದು 1971ರಲ್ಲಿ, ಇಲ್ಲೇ. ಟಿ.ಎನ್.ಎ. ಪೆರುಮಾಳ್ ಅವರಂಥ ದೊಡ್ಡ ವನ್ಯಜೀವಿ ಛಾಯಾಗ್ರಾಹಕರು ಹೊಸಬರನ್ನು ಕೂರಿಸಿಕೊಂಡು ಕಲಿಸಿದ ಊರು ಇದು. ಅಂಥ ಕ್ಲಬ್ಬುಗಳು ಸಂಬಳದ ಮೇಲೆ ನಡೆದಿಲ್ಲ. ಕೆಲಸ ಮುಗಿಸಿ ಬಂದವರು ಸಂಜೆ ಹೊತ್ತು ಪ್ರಿಂಟ್ ಜೋಡಿಸಿದ್ದಾರೆ, ಪ್ರೊಜೆಕ್ಟರಿಗೆ ಸ್ಲೈಡ್ ಹಾಕಿದ್ದಾರೆ, ಪ್ರದರ್ಶನ ಮುಗಿದ ಮೇಲೆ ಕುರ್ಚಿ ಎತ್ತಿಟ್ಟಿದ್ದಾರೆ.

ಅಷ್ಟರಲ್ಲಿ ಕ್ಯಾಮೆರಾನೇ ಬದಲಾಯ್ತು. ಕೊಡಾಕ್ ಕಂಪನಿಯ ಎಂಜಿನಿಯರ್ ಸ್ಟೀವನ್ ಸ್ಯಾಸನ್ 1975ರಲ್ಲಿ ಮಾಡಿದ ಮೊದಲ ಡಿಜಿಟಲ್ ಕ್ಯಾಮೆರಾ ಸುಮಾರು 3.6 ಕೆ.ಜಿ. ಇತ್ತು. ರೆಸಲ್ಯೂಷನ್ 0.01 ಮೆಗಾಪಿಕ್ಸೆಲ್. ಒಂದು ಚಿತ್ರ ಕ್ಯಾಸೆಟ್ ಟೇಪಿಗೆ ಇಳಿಯೋಕೆ 23 ಸೆಕೆಂಡ್. ಅದನ್ನು ಮಾಡಿದ ಕಂಪನಿಯೇ ಫಿಲ್ಮ್ ಬಿಡಲಾರದೆ 2012ರಲ್ಲಿ ದಿವಾಳಿ ಅರ್ಜಿ ಹಾಕ್ತು. ಈ ಕಥೆ ನಾವೆಲ್ಲ ಮ್ಯಾನೇಜ್‌ಮೆಂಟ್ ಪೇಪರಿಗೆ ಓದಿದ್ದೀವಿ, ಕೊಡಾಕ್‌ನವರು ದಡ್ಡರು ಅಂತ ನಕ್ಕಿದ್ದೀವಿ.

ನಗೋಕೆ ನಮಗೆ ಯೋಗ್ಯತೆ ಇರಲಿಲ್ಲ. ನಮ್ಮ ಕ್ಲಬ್ಬಿಗೆ ಸೇರೋಕೆ ಡಿಎಸ್‌ಎಲ್‌ಆರ್ ಇರಲೇಬೇಕು ಅನ್ನೋ ರೂಲ್ ಮಾಡಿದ್ದವರು ನಾವೇ. ಸೆಲೆಕ್ಷನ್ ದಿನ ಮೊಬೈಲ್ ಹಿಡಿದು ಬಂದವರಿಗೆ "ಕ್ಯಾಮೆರಾ ತಗೊಂಡ ಮೇಲೆ ಬನ್ನಿ" ಅಂದು ಕಳಿಸಿದ್ವಿ.

ಹಾಗೆ ವಾಪಸ್ ಹೋಗಿದ್ದವಳಲ್ಲಿ ಒಬ್ಬಳು ಸೆಕೆಂಡ್ ಇಯರ್ ಹುಡುಗಿ. ಹಾರ್ಡ್ ಡಿಸ್ಕ್ ಸುದ್ದಿ ಅವಳಿಗೆ ಹೇಗೋ ತಲುಪಿತ್ತು. ನಮ್ಮನ್ನು ಕೇಳದೆಯೇ ಎಲ್ಲಾ ಬ್ರಾಂಚಿನ ವಾಟ್ಸಾಪ್ ಗ್ರೂಪಿಗೆ ಒಂದು ಮೆಸೇಜ್ ಹಾಕಿದ್ದಳು: "ಬೀಗದಣ್ಣ ಇರೋ ಫೋಟೋ ನಿಮ್ಮ ಫೋನಲ್ಲಿದ್ರೆ ಕಳಿಸಿ. ಫೋಟೋ ಆಗಿ ಬೇಡ, ಡಾಕ್ಯುಮೆಂಟ್ ಆಗಿ ಕಳಿಸಿ." ಯಾಕೆ ಅಂದ್ರೆ ವಾಟ್ಸಾಪ್‌ನಲ್ಲಿ ಫೋಟೋ ಅಂತ ಕಳಿಸಿದರೆ ಸೈಜ್ ಕುಗ್ಗುತ್ತೆ, ತೆಗೆದ ದಿನಾಂಕದ ಮಾಹಿತಿಯೂ ಅಳಿಸಿಹೋಗುತ್ತೆ. ಇಷ್ಟು ಯೋಚನೆ ಮಾಡಿದವಳನ್ನು ನಾವು ಕ್ಯಾಮೆರಾ ಇಲ್ಲ ಅಂತ ವಾಪಸ್ ಕಳಿಸಿದ್ವಿ.

ಮೂರು ದಿನದಲ್ಲಿ 400ಕ್ಕೂ ಹೆಚ್ಚು ಫೋಟೋ ಬಂದವು. ಪಾಸ್ ಆಗಿ ಹೋದ ಸೀನಿಯರ್‌ಗಳೂ ಕಳಿಸಿದರು. ನಮ್ಮ ರೂಮಿನ ಚಾಪೆ ಮೇಲೆ ಮೂರು ಲ್ಯಾಪ್‌ಟಾಪ್ ಇಟ್ಟುಕೊಂಡು, ಅವಳನ್ನು ವಿಡಿಯೋ ಕಾಲ್‌ನಲ್ಲಿ ಹಾಕಿಕೊಂಡು ಆರಿಸೋಕೆ ಕೂತ್ವಿ. ನಮ್ಮ ಕಡೆಯಿಂದ ಉಳಿದಿದ್ದು ಕ್ಲಬ್ಬಿನ ಇನ್‌ಸ್ಟಾಗ್ರಾಂ ಪೇಜಿಗೆ ಹಾಕಿದ್ದ ಫೋಟೋಗಳು ಮಾತ್ರ. ಒಳ್ಳೆ ಬಣ್ಣ, ಒಳ್ಳೆ ಫೋಕಸ್. ಒಂದರಲ್ಲೂ ಬೀಗದಣ್ಣ ಇಲ್ಲ.

ರಾಜ್ಯೋತ್ಸವದ ಒಂದು ಫೋಟೋ ನಮಗೆ ತುಂಬ ಹೆಮ್ಮೆಯದ್ದು. ಮೇಲೆ ಹಳದಿ ಕೆಂಪು ಬಾವುಟ, ಕೆಳಗೆ ನಗ್ತಿರೋ ಹುಡುಗರು. ಬಲಗಡೆ ಅಂಚಿನಲ್ಲಿ ಏಣಿ ಹಿಡಿದ ಒಂದು ಕೈ. ಅದೇ ಕ್ಷಣದ್ದು ಇನ್ನೊಂದು ಫೋಟೋನ ಆ ಹುಡುಗಿ ತನ್ನ ಮೊಬೈಲಿನಿಂದ ಕಳಿಸಿದಳು. ಸ್ವಲ್ಪ ಅಲುಗಾಡಿದೆ, ಬೆಳಕು ಕಮ್ಮಿ. ಆದರೆ ಏಣಿ ಪೂರ್ತಿ ಇದೆ, ಅದರ ಬುಡ ಒತ್ತಿ ಹಿಡಿದು ಮೇಲೆ ನೋಡ್ತಿರೋ ಬೀಗದಣ್ಣ ಪೂರ್ತಿ ಇದ್ದಾರೆ.

"ಅಣ್ಣಾ, ನೀವು ಕ್ರಾಪ್ ಮಾಡಿರೋದು ಇವರನ್ನೇ" ಅಂದಳು. ಬೈಯ್ಯೋ ದನಿಯಲ್ಲಿ ಅಲ್ಲ, ಸುಮ್ಮನೆ. ನಾವ್ಯಾರೂ ಮಾತಾಡಲಿಲ್ಲ. ಫ್ರೇಮ್ ಕ್ಲೀನ್ ಇರಬೇಕು ಅಂತ ನಾವೇ ಜೂನಿಯರ್‌ಗಳಿಗೆ ಪಾಠ ಮಾಡಿದ್ದು. ನಾಲ್ಕು ವರ್ಷ ನಮಗೆ ಬಾಗಿಲು ತೆಗೆದವರನ್ನ ಕ್ಲೀನ್ ಮಾಡಿ ಹಾಕಿದ್ವಿ.

ಆಲ್ಬಮ್ಮಿಗೆ ಹೋದ 12 ಫೋಟೋಗಳಲ್ಲಿ 12ನ್ನೂ ತೆಗೆದದ್ದು ಮೊಬೈಲಿನಲ್ಲೇ. ಸನ್ಮಾನದ ದಿನ ಗದ್ದಲದಲ್ಲಿ ಅವರು ಅದನ್ನು ತೆರೆದೇ ನೋಡಲಿಲ್ಲ. ಅವರ ಮನೆಯೂ ಹೊಸಹಳ್ಳಿಯಲ್ಲೇ, ನಮ್ಮ ರೂಮಿನಿಂದ ಮೂರು ಗಲ್ಲಿ ಆಚೆ. ಮುಂದಿನ ಭಾನುವಾರ ಹೋದ್ವಿ. ಕಾಫಿ ಕೊಟ್ಟರು. ಆಲ್ಬಮ್ ಟಿವಿ ಪಕ್ಕದಲ್ಲಿತ್ತು. "ನಮ್ಮನೆಯವಳಿಗೆ ನಾನು ಕಾಲೇಜಲ್ಲಿ ಏನ್ ಕೆಲಸ ಮಾಡ್ತೀನಿ ಅಂತಾನೇ ಗೊತ್ತಿರಲಿಲ್ಲ ಕಣ್ರಪ್ಪ, ಈಗ ಬಂದವರಿಗೆಲ್ಲ ತೋರಿಸ್ತಾಳೆ" ಅಂದರು. ಹಾರ್ಡ್ ಡಿಸ್ಕ್ ವಿಷಯ, ಕ್ರಾಪ್ ವಿಷಯ ಎರಡನ್ನೂ ಹೇಳಿಬಿಟ್ವಿ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಇರ್ಲಿ ಬಿಡಿ, ಹೊಸ ರೂಮ್ ಬೀಗ ಸ್ವಲ್ಪ ಬಿಗಿ, ಹೊಸಬನಿಗೆ ಎಣ್ಣೆ ಹಾಕೋಕೆ ಹೇಳಿ" ಅಂದರು.

ಈಗ ಡಿಎಸ್‌ಎಲ್‌ಆರ್ ರೂಲ್ ಇಲ್ಲ. ರೂಮಿನ ಬಾಗಿಲಿಗೆ ಒಂದು ಚಾರ್ಟ್ ಅಂಟಿಸಿದ್ದೀವಿ, ಪ್ರತಿ ವಾರಕ್ಕೂ ಒಬ್ಬರ ಹೆಸರು. ಮೂರು ಕಾಪಿ, ಎರಡು ಬೇರೆ ಬೇರೆ ಬಗೆಯ ಸ್ಟೋರೇಜ್, ಅದರಲ್ಲಿ ಒಂದು ಕಾಲೇಜಿನ ಹೊರಗೆ. ಇದನ್ನು 3-2-1 ಅಂತಾರೆ, ಕಂಪ್ಯೂಟರ್ ಸೈನ್ಸಿನವರಿಗೆ ಹೊಸದೇನಲ್ಲ. ಎರಡನೇ ತಿಂಗಳೇ ಒಬ್ಬ ಮರೆತ, ಅವನಿಗೆ ಫೋನ್ ಮಾಡಿ ನೆನಪಿಸೋ ಕೆಲಸಕ್ಕೂ ಒಬ್ಬರನ್ನು ಹಾಕಬೇಕಾಯ್ತು. ಚಾರ್ಟ್ ನೋಡಿಕೊಳ್ಳೋದು ಆ ಸೆಕೆಂಡ್ ಇಯರ್ ಹುಡುಗಿ. ನಾವು ಜೂನ್‌ನಲ್ಲಿ ಹೋಗ್ತೀವಿ, ಕ್ಲಬ್ ಅವಳ ಕೈಗೆ.

ಅವಳ ಮೊದಲ ಪ್ಲಾನ್ ಕೇಳಿ. ಹೊಸಹಳ್ಳಿ ಮೆಟ್ರೋ ಸ್ಟೇಷನ್ ತೆರೆದಿದ್ದು 2015ರ ನವೆಂಬರ್‌ನಲ್ಲಿ. ಅದಕ್ಕೆ ಮುಂಚೆ ಆ ಜಾಗ ಹೇಗಿತ್ತು ಅಂತ ತೋರಿಸೋಕೆ ನಮ್ಮ ಕ್ಲಬ್ಬಿನಲ್ಲಿ ಒಂದು ಫೋಟೋನೂ ಇಲ್ಲ. ಈಗ ಹೊಸಹಳ್ಳಿಯಿಂದ ಮಾಗಡಿ ರಸ್ತೆಯುದ್ದಕ್ಕೂ ಕಡಬಗೆರೆವರೆಗೆ 12.5 ಕಿ.ಮೀ. ಇನ್ನೊಂದು ಲೈನಿಗೆ 2024ರ ಆಗಸ್ಟ್‌ನಲ್ಲಿ ಕೇಂದ್ರದ ಒಪ್ಪಿಗೆ ಸಿಕ್ಕಿದೆ. ಕಂಬಗಳು ಏಳೋ ಮುಂಚೆ ಆ ರಸ್ತೆಯನ್ನು, ಅಲ್ಲಿನ ಅಂಗಡಿ, ಮರ, ಬಸ್ ಸ್ಟಾಪ್, ಜನರನ್ನು ತೆಗೆದಿಡಬೇಕು ಅನ್ನೋದು ಅವಳ ಲೆಕ್ಕ. ಅಂಚಿನಲ್ಲಿ ಬಂದವರನ್ನು ಕ್ರಾಪ್ ಮಾಡೋ ಹಾಗಿಲ್ಲ.

ಶನಿವಾರ ಬೆಳಿಗ್ಗೆ 7ಕ್ಕೆ ಹೊಸಹಳ್ಳಿ ಸ್ಟೇಷನ್ ಕೆಳಗೆ ಸೇರ್ತೀವಿ. ಯಾವ ಫೋನ್ ಆದ್ರೂ ಪರವಾಗಿಲ್ಲ. ಫೋನ್ ಚೆನ್ನಾಗಿಲ್ಲ ಅಂದ್ರೂ ಬನ್ನಿ, ಯಾವ ಫೋಟೋ ಯಾವ ಜಾಗದ್ದು ಅಂತ ಬರೆದುಕೊಳ್ಳೋಕೆ ನಾಲ್ಕು ಜನ ಬೇಕು. ಆ ಲಿಸ್ಟಿನಲ್ಲಿ ಇನ್ನೂ ಒಂದೇ ಹೆಸರಿದೆ. ಮನೇಲಿ ಕೂತು ಬೇಜಾರಪ್ಪ ಅಂತ ಬೀಗದಣ್ಣ ತಾವಾಗೇ ಕೊಟ್ಟಿದ್ದು.