ಶಿವರಾತ್ರಿಯ ಕುರುಕ್ಷೇತ್ರ

2025 ಜನವರಿ 19, ಭಾನುವಾರ

ಪಾತ್ರ ಹಂಚಿಕೆ ಅಂತೂ ಮುಗಿಯಿತು. ಆಂಜನೇಯನ ಗುಡಿ ಮುಂದೆ ರಾತ್ರಿ ಹನ್ನೊಂದರವರೆಗೆ ಜಗಳ. ದುರ್ಯೋಧನ ಈ ಸಲವೂ ಬೋರ್‌ವೆಲ್ ಲಾರಿಯ ಯಜಮಾನರಿಗೇ. ಕರ್ಣ, ಭೀಮ, ಶಕುನಿಗೆ ಅವರವರೇ ಕಿತ್ತಾಡಿಕೊಂಡರು. ವಿದುರನನ್ನು ಕೇಳುವವರೇ ಇರಲಿಲ್ಲ. ಕಡೆಗೆ ಕರೆಂಟ್ ಕೆಲಸದ ಹುಡುಗ, ‘ಚಂದಾ ಕಮ್ಮಿ ಮಾಡಿ, ನಾನೇ ಹಾಕ್ತೀನಿ’ ಅಂದ. ಬೆಂಗಳೂರಿನ ಭಾವಮೈದುನನಿಗೆ ಹೇಳಿದರೆ ನಗುತ್ತಾನೆ, ನಮ್ಮಲ್ಲಿ ವೇಷ ಹಾಕುವವನೇ ದುಡ್ಡು ಕೊಡಬೇಕು ಅಂದರೆ. ಆ ದುಡ್ಡಿನಲ್ಲೇ ಸೀನರಿ, ಮೈಕು, ಕ್ಲಾರಿಯೋನೆಟ್ಟು, ಕೀಬೋರ್ಡು, ತುಮಕೂರಿನಿಂದ ಬರುವ ಹೆಣ್ಣು ಪಾತ್ರದವರ ಸಂಭಾವನೆ. ನನ್ನ ತಬಲಕ್ಕೆ ಮಾತ್ರ ಏನೂ ಇಲ್ಲ, ಊರಿನವನು ನೋಡಿ.

ಮೇಷ್ಟ್ರು ಹಾರ್ಮೋನಿಯಂ ಮುಚ್ಚುತ್ತಾ ಹೇಳಿದ್ದು: ‘ಈ ವರ್ಷ ನಾಕೈದು ಪದ್ಯಕ್ಕೆ ನಂದೇ ಮಟ್ಟು ಹಾಕ್ತೀನಿ.’ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಜನವರಿ 29, ಬುಧವಾರ

ಶೇಂಗಾ ವ್ಯಾಪಾರ ಮುಗಿಸಿ ಶಿರಾದಿಂದ ಬರುವಷ್ಟರಲ್ಲಿ ತಾಲೀಮು ಶುರುವಾಗಿತ್ತು. ಮೇಷ್ಟ್ರು ಕುಂತಿಯ ಪದ್ಯ ಹಾಡಿ ತೋರಿಸುತ್ತಿದ್ದರು. ಹೊಳೆದಂಡೆಯಲ್ಲಿ ಕರ್ಣನನ್ನು ಮಗನೇ ಅನ್ನುವ ಸನ್ನಿವೇಶ. ಮುಖಾರಿ ರಾಗದಲ್ಲಿ ಎತ್ತಿದ್ದಾರೆ. ಕಂದಪದ್ಯವಾದ್ದರಿಂದ ನನಗೆ ಬಾರಿಸುವ ಕೆಲಸವಿಲ್ಲ, ಕೂತು ಕೇಳಿದೆ. ‘ಮಗನೆ’ ಅನ್ನುವಲ್ಲಿ ಸ್ವರ ಮೇಲಕ್ಕೆ ಹೋಗುತ್ತದೆ ಅಂದುಕೊಂಡರೆ ಕೆಳಗೆ ಇಳಿಯಿತು. ಎಲ್ಲ ಕುಂತಿಯರೂ ಅಲ್ಲಿ ಕೂಗುತ್ತಾರೆ. ಇದರಲ್ಲಿ ಕೂಗಿಲ್ಲ.

ಕುಂತಿ ಹಾಕುವ ತುಮಕೂರಿನ ಅಮ್ಮನಿಗೆ ಫೋನ್ ಹಚ್ಚಿ ಹೊಸ ಮಟ್ಟಿನ ವಿಷಯ ಹೇಳಿದರು. ಅವರು ಒರಟಾಗಿ ಏನೂ ಹೇಳಲಿಲ್ಲ. ‘ಅಣ್ಣ, ಈ ತಿಂಗಳೆಲ್ಲ ದಿನಾ ಒಂದೊಂದು ಊರು. ಪಾವಗಡದಾಗೆ ಮುಗಿಸಿ ನಿಮ್ಮೂರಿಗೆ ಬರೋದೇ ಸಾಯಂಕಾಲ. ಮಾಮೂಲಿ ಮಟ್ಟೇ ಇರಲಿ’ ಅಂದರು.

ರಾತ್ರಿ ಇದನ್ನೇ ಯೋಚಿಸುತ್ತಿದ್ದೆ. ಅತಿಥಿ ಕಲಾವಿದರು ತಾಲೀಮಿಗೆ ಬರುವುದಿಲ್ಲ. ಬಣ್ಣ ಹಚ್ಚಿಕೊಳ್ಳುವ ಹೊತ್ತಿಗೆ ಇಳಿಯುತ್ತಾರೆ, ಬೆಳಗಿನ ಮೊದಲ ಬಸ್ಸಿಗೆ ಹೊರಡುತ್ತಾರೆ. ಹಾಗಾಗಿ ಮಧುಗಿರಿ, ಕೊರಟಗೆರೆ, ಪಾವಗಡ, ಎಲ್ಲಿ ಕುರುಕ್ಷೇತ್ರ ಆಡಿದರೂ ಕುಂತಿ, ದ್ರೌಪದಿ, ಉತ್ತರೆಗೆ ಒಂದೇ ಮಟ್ಟು ಇರಬೇಕಾಗುತ್ತದೆ. ಹಳೆಯದು ಉಳಿದಿರುವುದು ಬರೀ ಭಕ್ತಿಯಿಂದಲ್ಲ, ಬಸ್ಸಿನ ಟೈಮಿನಿಂದಲೂ ಹೌದು. ಗುಬ್ಬಿ ಕಂಪನಿಯ ಮಾತು ಬೇರೆ. 1884ರಲ್ಲಿ ಕಟ್ಟಿದ್ದು, ವೀರಣ್ಣನವರ ಕಾಲಕ್ಕೆ ಸಂಬಳದ ನಟರು, ಸಂಬಳದ ವಾದ್ಯದವರು, ಎಲ್ಲರೂ ಒಂದೇ ಕ್ಯಾಂಪಿನಲ್ಲಿ ಉಂಡು ಮಲಗುವವರು. ಬೆಳಗ್ಗೆ ಮೇಷ್ಟ್ರಿಗೆ ಹೊಳೆದದ್ದನ್ನು ಮಧ್ಯಾಹ್ನ ಹಾಡಿಸಿ ನೋಡಬಹುದಿತ್ತು. ಹುಡುಗ ಬಿ.ವಿ. ಕಾರಂತರು ಓಡಿ ಬಂದು ಸೇರಿಕೊಂಡದ್ದೂ ಅಲ್ಲಿಗೇ. ನಮ್ಮ ಜಿಲ್ಲೆಯಲ್ಲೇ ಅಂಥದ್ದೊಂದು ಇತ್ತು ಅನ್ನುವುದನ್ನು ಕೀಬೋರ್ಡಿನ ಹುಡುಗನಿಗೆ ಹೇಳಿದರೆ, ಅವನು ಫೋನಿನಲ್ಲಿ ಯಾವುದೋ ವಿದೇಶಿ ಆರ್ಕೆಸ್ಟ್ರಾ ತೋರಿಸಿದ. ಅಲ್ಲಿಯ ಅತಿಥಿ ಪಿಟೀಲಿನವರು ಮೊದಲೇ ಬಂದು ಎಲ್ಲರೊಂದಿಗೆ ಕೂತು ನುಡಿಸಿ ನೋಡುತ್ತಾರಂತೆ. ಲಂಡನ್ನಿನ ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಗೆ ನಮ್ಮ ಜಯಚಾಮರಾಜ ಒಡೆಯರೇ ಮೊದಲ ಅಧ್ಯಕ್ಷರು ಕಣಪ್ಪ ಅಂದೆ. ನಂಬಲಿಲ್ಲ.

ಮೇಷ್ಟ್ರು ಮುಖಾರಿಯನ್ನು ಎತ್ತಿ ವಿದುರನ ಪಾಲಿಗೆ ಹಾಕಿದರು. ಮಾತು ಬೇರೆಯಾದ್ದರಿಂದ ಎರಡು ಕಡೆ ಮುರಿದು ಕಟ್ಟಬೇಕಾಯಿತು.

ಫೆಬ್ರವರಿ 9, ಭಾನುವಾರ

ಈ ಸಲ ಕರಪತ್ರದಲ್ಲಿ ಹೊಸದೇನಾದರೂ ಇರಬೇಕು ಅಂತ ಕಮಿಟಿಯವರ ಹಟ. ಗಣೆ ಊದುವ ಅಜ್ಜನನ್ನು ಕರೆಯೋಣ ಅಂದೆ. ಕಳುವರಹಳ್ಳಿಯ ಜುಂಜಪ್ಪನ ಗುಡ್ಡೆ ನಮ್ಮ ತಾಲ್ಲೂಕಿನಲ್ಲೇ ಇದೆ. ಆ ಕಾಡುಗೊಲ್ಲರ ವೀರನ ಕಥೆಯನ್ನು ಗಣೆ ಊದಿ ರಾತ್ರಿಯಿಡೀ ಹಾಡುವವರು ಈಗಲೂ ಇದ್ದಾರೆ. ಅವನ ಹೋರಿ ಬಡಮೈಲನ ಕಥೆ ಬಂದರೆ ಹಟ್ಟಿಯ ಹೆಂಗಸರು ಎದ್ದು ಹೋಗುವುದಿಲ್ಲ.

ಹಟ್ಟಿಗೆ ನಾನೂ ಮೇಷ್ಟ್ರೂ ಹೋದೆವು. ಚಪ್ಪಲಿ ಹೊರಗೇ ಬಿಟ್ಟೆವು. ಕೃಷ್ಣ ಬರುವಾಗ ಊದಿಕೊಡಿ ಅಜ್ಜ, ಅವನೂ ಗೊಲ್ಲರವನೇ ತಾನೇ ಅಂದೆ, ಜಾಣತನ ಅಂದುಕೊಂಡು. ಅಜ್ಜ ನಗಲಿಲ್ಲ. ‘ದೇವರ ವಾದ್ಯ ಕಣಪ್ಪ. ಬಣ್ಣ ಬಳಕಂಡು ನಿಂತೋನ ಹಿಂದೆ ಊದಾಕಿಲ್ಲ. ಪೂಜೆ ಹೊತ್ನಾಗೆ ಬೇಕಾದ್ರೆ ಊದ್ತೀನಿ. ನೋಟು ಗೀಟು ಚುಚ್ಚಂಗಿಲ್ಲ.’ ಮೇಷ್ಟ್ರು ಕೂಡಲೇ ಒಪ್ಪಿಕೊಂಡರು. ನನಗೂ ಅದೇ ಸರಿ ಅನ್ನಿಸಿತು.

ಫೆಬ್ರವರಿ 23, ಭಾನುವಾರ

ಅಜ್ಜ ತಾಲೀಮಿಗೆ ಬಂದರು! ಬಟ್ಟೆ ಸುತ್ತಿದ ಗಣೆಯನ್ನು ಮೊಮ್ಮಗ ಹಿಡಿದಿದ್ದ. ನೀಳವಾದ ಬಿದಿರು, ಕೈ ಆಡಿ ಆಡಿ ನುಣುಪಾಗಿದೆ. ಊದಿದಾಗ ಮೊದಲು ಬರುವುದು ಗಾಳಿಯ ಸದ್ದು, ಸ್ವರ ಅದರ ಒಳಗಿಂದ ಬರುತ್ತದೆ.

ಮೇಷ್ಟ್ರು ಷಡ್ಜ ಹುಡುಕಿದರು. ಒಂದು ಬಿಳಿ ಮನೆ ಒತ್ತಿದರೆ ತಗ್ಗು, ಪಕ್ಕದ ಕರಿ ಮನೆ ಒತ್ತಿದರೆ ಏರು. ಗಣೆಯ ಸ್ವರ ಎರಡರ ಸಂದಿಯಲ್ಲಿ. ಬಿದಿರನ್ನು ಕಡಿದವರಿಗೆ ಹಾರ್ಮೋನಿಯಂ ಲೆಕ್ಕ ಯಾಕೆ ಬೇಕು? ಗಣೆ, ಹಾರ್ಮೋನಿಯಂ ಎರಡನ್ನೂ ಒಟ್ಟಿಗೆ ಹಿಡಿದರೆ ಕಿವಿಯಲ್ಲಿ ಗಂಯ್ ಅಂತ ಅಲೆ ಏಳುತ್ತಿತ್ತು. 1940ರಲ್ಲಿ ಆಕಾಶವಾಣಿ ಹಾರ್ಮೋನಿಯಂ ಅನ್ನು ಹೊರಗೆ ಹಾಕಿದಾಗ ಹೇಳಿದ ಕಾರಣಗಳಲ್ಲಿ ಇದೂ ಒಂದು: ಸ್ವರ ಅಲ್ಲಾಡುವುದಿಲ್ಲ, ಗಮಕ ಬಗ್ಗುವುದಿಲ್ಲ. 1971ರವರೆಗೆ ಬಾಗಿಲು ತೆರೆಯಲಿಲ್ಲ. ‘ರೇಡಿಯೋದೋರು ಓಡಿಸಿದ್ರು, ನಾಟಕದೋರು ಸಾಕಿದ್ರು’ ಅನ್ನುವುದು ಮೇಷ್ಟ್ರ ಮಾಮೂಲಿ ಮಾತು. ಇವತ್ತು ಆಡಲಿಲ್ಲ.

ಕಡೆಗೆ ಕೀಬೋರ್ಡಿನ ಹುಡುಗ ಏನೋ ಬಟನ್ ಒತ್ತಿ ಶ್ರುತಿಯನ್ನು ಕೂದಲೆಳೆಯಷ್ಟೇ ಏರಿಸುತ್ತಾ ಹೋದ. ಅಲೆ ನಿಧಾನವಾಯಿತು, ಆಮೇಲೆ ನಿಂತಿತು. ಆ ಡಬ್ಬ ಬೇಡ ಅಂತ ಎರಡು ವರ್ಷದಿಂದ ಗೊಣಗುತ್ತಿದ್ದ ಮೇಷ್ಟ್ರು ತಮ್ಮ ಪೆಟ್ಟಿಗೆಯ ತಿದಿ ಕಟ್ಟಿ, ‘ಹಂಗೇ ಹಿಡ್ಕೋ ಮಗಾ’ ಅಂದರು.

ಫೆಬ್ರವರಿ 27, ಗುರುವಾರ

ನಿದ್ದೆ ಇಲ್ಲ, ಬೆರಳು ಊದಿದೆ, ಆದರೂ ಬರೆಯುತ್ತೇನೆ.

ಗಣೆ ಚೆನ್ನಾಗಿ ಆಯಿತು. ಜಾಗರಣೆಗೆ ಬಂದ ಜನ, ಮೊದಮೊದಲು ಗದ್ದಲ, ಆಮೇಲೆ ಹಟ್ಟಿಯವರು ಮುಂದೆ ಬಂದು ಕೂತರು. ದುರ್ಯೋಧನರು ಸಿನಿಮಾ ಧಾಟಿಯಲ್ಲೇ ಹಾಡಿ, ಮೈಮೇಲೆ ಜಾಗ ಉಳಿಯದಷ್ಟು ನೋಟು ಚುಚ್ಚಿಸಿಕೊಂಡರು. ತುಮಕೂರಿನ ಅಮ್ಮ ಏಳಕ್ಕೆ ಇಳಿದರು, ಮಧ್ಯರಾತ್ರಿ ಕಳೆದ ಮೇಲೆ ಹಳೆಯ ಮಟ್ಟಿನಲ್ಲೇ ‘ಮಗನೆ’ ಅಂತ ಕೂಗಿದರು. ಹೇಳಬೇಕಾದದ್ದು ಹೇಳಬೇಕು, ಅಳಿಸಿಬಿಟ್ಟರು. ಮೇಷ್ಟ್ರೂ ಕಣ್ಣೊರೆಸಿಕೊಂಡರು.

ವಿದುರನಿಗೆ ಒನ್ಸ್ ಮೋರ್ ಬಿತ್ತು. ಹುಡುಗ ಗಾಬರಿಯಾಗಿ ಎರಡನೇ ಸಲ ಶ್ರುತಿ ತಪ್ಪಿದ. ಜನ ಅದಕ್ಕೂ ಶಿಳ್ಳೆ ಹೊಡೆದರು. ಕರಪತ್ರದಲ್ಲಿ ಮೇಷ್ಟ್ರ ಹೆಸರಿನ ಮುಂದೆ ‘ಹಾರ್ಮೋನಿಯಂ’ ಅಂತಷ್ಟೇ ಇತ್ತು, ಮಟ್ಟು ಯಾರದು ಅಂತ ಕೇಳಿದವರಿಲ್ಲ.

ಬೆಳಗ್ಗೆ ಟೀ ಕುಡಿಯುವಾಗ ಲೆಕ್ಕ ಆಯಿತು. ಮುಂದಿನ ವರ್ಷ ಕುಂತಿಯವರನ್ನು ಒಂದು ದಿನ ಮುಂಚೆ ಕರೆಸೋಣ, ಆ ದಿನದ ಸಂಭಾವನೆಯನ್ನೂ ಕೊಡೋಣ ಅಂದೆ. ‘ಯಾರು ಕೊಡ್ತಾರೆ?’ ಖಜಾಂಚಿ ಕೇಳಿದ. ಕರ್ಣ ಕೊಡಲಿ ಅಂದರು ಯಜಮಾನರು, ಪದ್ಯ ಹಾಡಿಸಿಕೊಳ್ಳೋನು ಅವನು. ಕರ್ಣ ಆಗಲೇ ಬೈಕ್ ಹತ್ತಿದ್ದ.