ಕಾಲುವೆ, ಕುದುರೆ, ಸಾತಿ ಆಸರಾ

ಮೊನ್ನೆ ಟೀವಿಯಲ್ಲಿ ಎರಡು ದೊಡ್ಡ ಕುದುರೆ ತಲೆ ತೋರಿಸಿದ್ರು. ಸ್ಕಾಟ್ಲೆಂಡಿನ ಫಾಲ್ಕಿರ್ಕ್‌ನಲ್ಲಿ, ಕಾಲುವೆ ಪಕ್ಕ, 2013ರಲ್ಲಿ ನಿಲ್ಲಿಸಿದ 30 ಮೀಟರ್ ಎತ್ತರದ ಉಕ್ಕಿನ ಶಿಲ್ಪ. ಹೆಸರು ಕೆಲ್ಪಿ. ಮಗ ಬಿಡಲಿಲ್ಲ, ಕತೆ ಹುಡುಕಿ ಹೇಳಬೇಕಾಯ್ತು.

ಕೆಲ್ಪಿ ಅಂದ್ರೆ ಹೊಳೆಯ ದೆವ್ವ. ಅದರ ಅಣ್ಣನಂಥದ್ದು ಗೇಲಿಕ್ ಸೀಮೆಯ ಸರೋವರಗಳಲ್ಲಿರೋ ನೀರ್ಗುದುರೆ. ಚಂದದ ಕುದುರೆಯಾಗಿ ದಡದಲ್ಲಿ ನಿಲ್ಲುತ್ತೆ. ಒಮ್ಮೊಮ್ಮೆ ಚೆಲುವ ಹುಡುಗನಾಗಿ ಬರುತ್ತೆ, ಆದ್ರೆ ಕೂದಲಲ್ಲಿ ನೀರಿನ ಕಳೆ ಸಿಕ್ಕಿಕೊಂಡಿರುತ್ತೆ. ಮಕ್ಕಳು ಹತ್ತಿದಷ್ಟೂ ಬೆನ್ನು ಉದ್ದವಾಗುತ್ತೆ. ಮುಟ್ಟಿದ ಕೈ ಅಂಟಿಕೊಳ್ಳುತ್ತೆ. ಆಮೇಲೆ ಸೀದಾ ನೀರಿಗೆ. ಬೆರಳಷ್ಟೇ ತಾಗಿಸಿದ್ದ ಒಬ್ಬ ಹುಡುಗ ಅದನ್ನು ಕತ್ತರಿಸಿಕೊಂಡು ಉಳಿದನಂತೆ.

ಆ ಹುಡುಗನ ಹತ್ರ ಬಂದಾಗ ನಾನು ಸುಮ್ಮನಾದೆ.

ನಾನು ಬೆಳೆದದ್ದು ಕಲ್ಲೋಳಿಯಲ್ಲಿ, ಘಟಪ್ರಭಾ ನೀರಿನ ಸೀಮೆ. ಅಜ್ಜಿ ಕೊಲ್ಲಾಪುರದ ಕಡೆಯಾಕಿ. ಬಾವಿ ದಂಡೆಯಲ್ಲಿ ಏಳು ಕಲ್ಲಿಟ್ಟು ಅರಿಷಿಣ ಕುಂಕುಮ ಹಚ್ಚುತ್ತಿದ್ದಳು. ಅವು ಸಾತಿ ಆಸರಾ, ನೀರಲ್ಲಿರೋ ಏಳು ಜನ ಅಕ್ಕತಂಗಿಯರು. ಅಪ್ಸರಾ ಅನ್ನೋದೇ ಮರಾಠಿಯಲ್ಲಿ ಆಸರಾ ಆಗಿದೆ. ನಮ್ಮ ಕಡೆ ಬಾಯಾರಿಕೆಗೆ ಆಸರಿಕಿ ಅಂತೀವಲ್ಲ, ಹಾಗಾಗಿ ನಾನು ಇವರಿಗೆ ಭಾಳ ನೀರಡಿಕಿ ಅಂತ ತಿಳಿದಿದ್ದೆ :)

"ಅವು ನಿನ್ನವರ ದನಿಯೊಳಗ ಕರೀತಾವ. ಓ ಅನಬ್ಯಾಡ, ತಿರುಗಿ ನೋಡಬ್ಯಾಡ, ಓಡಿ ಬಾ" ಅಂತ ಅಜ್ಜಿ ಹೇಳೋಳು.

ನಾಲ್ಕನೇ ಇಯತ್ತೆ. ಗೆಳೆಯನ ಚಪ್ಪಲಿ ಕಾಲುವೆಗೆ ಬಿತ್ತು. ಅವನು ಇಳಿದ. ನಾನು ಹೆದರಿ ಆಗಲೇ ಮನೆ ಹಾದಿ ಹಿಡಿದಿದ್ದೆ. ಹಿಂದಿನಿಂದ ನನ್ನ ಹೆಸರು ಕೇಳಿಸಿತು.. ಎರಡು ಸಲ. ಅವನದೇ ದನಿ. ನಾನು ತಿರುಗಿ ನೋಡಲಿಲ್ಲ. ಓಡಿದೆ.

ಅಲ್ಲಿ ಕುದುರೆ ಮೈ ಅಂಟು, ಇಲ್ಲಿ ಕಾಲುವೆಯ ಇಳಿಜಾರು ಕಾಂಕ್ರೀಟು ಪಾಚಿಗಟ್ಟಿ ಜಾರು. ಒಮ್ಮೆ ಇಳಿದ್ರೆ ದೊಡ್ಡವರಿಗೂ ಹತ್ತೋಕಾಗಲ್ಲ. ಹಿಡ್ಕೊಳ್ಳೋಕೆ ಒಂದು ಹಗ್ಗ, ನಾಲ್ಕು ಮೆಟ್ಟಿಲು ಇರಲಿಲ್ಲ. ಊರಲ್ಲಿ ಎಲ್ಲರೂ ಆಸರಾ ಒಯ್ದವು ಅಂದ್ರು, ಅವನ ತಾಯಿಗೂ ಅದನ್ನೇ ಹೇಳಿದ್ರು. ಮೆಟ್ಟಿಲಿನ ಮಾತು ಯಾರೂ ಎತ್ತಲಿಲ್ಲ. ನಾನು ದನಿ ಕೇಳಿದ್ದನ್ನು ಯಾರಿಗೂ ಹೇಳಲಿಲ್ಲ. ಓಡದೆ ಇಳಿದಿದ್ರೆ ಇಬ್ಬರೂ ಹೋಗ್ತಿದ್ವಿ, ನನಗೂ ಈಜು ಬರ್ತಿರಲಿಲ್ಲ. ಆದ್ರೆ ಹತ್ತಿರದ ಗದ್ದೆಯಲ್ಲಿ ಜನ ಇದ್ರು. ಕೂಗಬಹುದಿತ್ತು.

ಅಜ್ಜಿ ಮೇಲೆ ಸಿಟ್ಟಿಲ್ಲ. ಅವಳ ಕತೆಯಿಂದಲೇ ನಾನು ದಂಡೆ ಮೇಲೆ ಉಳಿದದ್ದು.

ಮಗನನ್ನು ಈಜಿಗೆ ಸೇರಿಸಿದ್ದೀನಿ. ಏಳು ಅಕ್ಕತಂಗಿಯರ ಕತೆ ಅವನಿಗಿನ್ನೂ ಹೇಳಿಲ್ಲ. ತಿರುಗಿ ನೋಡಬ್ಯಾಡ ಅನ್ನೋ ಮಾತು ಬಿಟ್ಟು ಹೇಳೋಕೆ ಬರುತ್ತಾ ಅಂತ ನೋಡ್ತಿದ್ದೀನಿ.

ನಿಮ್ಮೂರ ನೀರಿನ ಬಗ್ಗೆ ನಿಮ್ಮಜ್ಜಿ ಏನು ಹೇಳ್ತಿದ್ರು?